3/4 ಎಕರೆಯಲ್ಲಿ 2/5 ಎಕರೆ ಎಷ್ಟು ಸಲ? ಭಿನ್ನರಾಶಿಯ ಭಾಗಾಕಾರವನ್ನು ಕಣ್ಣಿಗೆ ಕಾಣಿಸೋ ಬಗೆ

ಪ್ರಶ್ನೆ: ನಾವು ಶಿಡ್ಲಘಟ್ಟ ತಾಲೂಕಿನವರು, ರೇಷ್ಮೆ ಕೃಷಿ ಮಾಡುತ್ತೇವೆ. ಮಗಳು 7ನೇ ಕ್ಲಾಸು. ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಭಾಗಿಸಬೇಕಾದರೆ ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸಬೇಕು ಅಂತ ಕಲಿತಿದ್ದಾಳೆ. ನಾನೂ ಹಾಗೇ ಕಲಿತವಳು. ಆದರೆ ಅವಳು, "ಯಾಕೆ ತಲೆಕೆಳಗು ಮಾಡಬೇಕು? ಭಾಗಿಸಿದರೆ ಕಮ್ಮಿ ಆಗಬೇಕಲ್ವಾ, ಜಾಸ್ತಿ ಯಾಕೆ ಬರುತ್ತೆ?" ಅಂತ ಕೇಳುತ್ತಾಳೆ. ಚಿತ್ರ ಬರೆದು ತೋರಿಸೋಣ ಅಂತ ಕೂತೆ. 3 ÷ 1/2 ಸರಿಯಾಗಿ ಬಂತು. 3/4 ÷ 2/5 ಬರೆದಾಗ ಒಂದು ಪೂರ್ತಿ ಬಂದು 7/20 ಉಳಿಯಿತು. ಪುಸ್ತಕದಲ್ಲಿ ಉತ್ತರ 1 ಮತ್ತು 7/8 ಅಂತಿದೆ. ನನ್ನ ಚಿತ್ರದಲ್ಲಿ ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಚಿತ್ರದಲ್ಲಿ ತಪ್ಪಿಲ್ಲ. 7/20 ಉಳಿಯಿತು ಅನ್ನೋದೂ ನಿಜ. ಪುಸ್ತಕದ ಉತ್ತರವೂ ಸರಿ. ಎರಡೂ ಒಂದೇ ತುಂಡನ್ನು ಹೇಳುತ್ತಿವೆ, ಆದರೆ ಬೇರೆ ಬೇರೆ ಅಳತೆಯಲ್ಲಿ. ಮಕ್ಕಳಿಗೆ ಈ ಪಾಠದಲ್ಲಿ ಕಷ್ಟ ಆಗೋದು ಮುಖ್ಯವಾಗಿ ಇಲ್ಲೇ. ತಲೆಕೆಳಗು ಮಾಡೋದು ಅದಕ್ಕಿಂತ ಸುಲಭದ ವಿಷಯ. ಹಾಗಾಗಿ ಉಳಿದ ಆ ತುಂಡಿನ ಹತ್ತಿರ ನಾವು ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಅದಕ್ಕೆ ಮುಂಚೆ ಮಗಳ ಪ್ರಶ್ನೆಗೆ ಬರೋಣ.

12 ÷ 4 ಅಂದರೆ ಏನು ಅಂತ ಅವಳನ್ನು ಕೇಳಿ. "12 ಹಣ್ಣನ್ನು ನಾಲ್ಕು ಜನಕ್ಕೆ ಹಂಚಿದರೆ ಒಬ್ಬರಿಗೆ ಎಷ್ಟು" ಅಂತ ಹೇಳಬಹುದು. ಅದು ಒಂದು ಅರ್ಥ. ಇನ್ನೊಂದು ಅರ್ಥವೂ ಇದೆ: 12 ಹಣ್ಣನ್ನು ನಾಲ್ಕು ನಾಲ್ಕರಂತೆ ಕವರಿಗೆ ಹಾಕಿದರೆ ಎಷ್ಟು ಕವರ್ ಬೇಕು? ಎರಡಕ್ಕೂ ಉತ್ತರ 3. ಪೂರ್ಣ ಸಂಖ್ಯೆ ಇರುವಾಗ ಯಾವ ಅರ್ಥ ಹಿಡಿದರೂ ನಡೆಯುತ್ತದೆ, ಅದಕ್ಕೇ ನಾವು ಈ ವ್ಯತ್ಯಾಸವನ್ನು ಗಮನಿಸೋದೇ ಇಲ್ಲ. ಭಾಜಕ, ಅಂದರೆ ಭಾಗಿಸೋ ಸಂಖ್ಯೆ, 1/2 ಆದ ಕೂಡಲೇ ಮೊದಲನೇ ಅರ್ಥ ಕೈ ಕೊಡುತ್ತದೆ. ಮೂರು ಹಣ್ಣನ್ನು ಅರ್ಧ ಮನುಷ್ಯನಿಗೆ ಹಂಚೋದು ಹೇಗೆ? ಎರಡನೇ ಅರ್ಥ ಮಾತ್ರ ಹಾಗೇ ನಿಲ್ಲುತ್ತದೆ. ಮೂರು ಹಣ್ಣಿನಲ್ಲಿ ಅರ್ಧ ಹಣ್ಣು ಎಷ್ಟು ಸಲ ಸಿಗುತ್ತದೆ? ಆರು ಸಲ.

ಭಾಗಿಸಿದರೆ ಕಮ್ಮಿ ಆಗಬೇಕು ಅನ್ನೋದು ಅವಳು ನಾಲ್ಕನೇ ಕ್ಲಾಸಿನವರೆಗೆ ನೋಡಿದ ಲೆಕ್ಕಗಳಿಂದ ತಾನೇ ಕಟ್ಟಿಕೊಂಡ ನಿಯಮ. ಅಲ್ಲಿ 1ರಿಂದ ಭಾಗಿಸೋದು ಬಿಟ್ಟರೆ ಅದು ಸುಳ್ಳಾಗಿರಲಿಲ್ಲ, ಅವಳನ್ನು ಬೈಯೋ ಹಾಗಿಲ್ಲ. ಒಂದರ ಕೆಳಗೆ ಒಂದು ಇಷ್ಟು ಬರೆಸಿ ಸಾಕು:

12 ÷ 4 = 3
12 ÷ 2 = 6
12 ÷ 1 = 12
12 ÷ 1/2 = ?

ಭಾಜಕ ಅರ್ಧ ಆದಾಗಲೆಲ್ಲ ಉತ್ತರ ಎರಡರಷ್ಟು ಆಗುತ್ತಿದೆ. ಮುಂದಿನದು 24 ಅಂತ ಅವಳೇ ಹೇಳುತ್ತಾಳೆ. ಅಳೆಯೋ ತುಂಡು ಚಿಕ್ಕದಾದಷ್ಟೂ ಜಾಸ್ತಿ ತುಂಡು ಸಿಗುತ್ತದೆ, ಅಷ್ಟೇ. ಚುರುಕಿನ ಮಗು ಆದರೆ, "ಹಾಗಾದರೆ ಸೊನ್ನೆಯಿಂದ ಭಾಗಿಸಿದರೆ?" ಅಂತ ಕೇಳದೆ ಬಿಡೋದಿಲ್ಲ. 12ರಲ್ಲಿ ಸೊನ್ನೆ ಅಳತೆಯ ತುಂಡು ಎಷ್ಟು ಸಲ? ತೆಗೆಯುತ್ತಾ ಹೋದರೆ ಮುಗಿಯೋದೇ ಇಲ್ಲ. ಅದಕ್ಕೇ ಆ ಲೆಕ್ಕಕ್ಕೆ ಉತ್ತರ ಇಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ದೊಡ್ಡ ಗಣಿತಜ್ಞ ಮಹಾವೀರಾಚಾರ್ಯರೇ ಇಲ್ಲಿ ಎಡವಿದ್ದಾರೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗೋದಿಲ್ಲ ಅಂತ ಬರೆದರು. ಈ ಪ್ರಶ್ನೆ ಕೇಳಿದ್ದಕ್ಕೆ ಮಗಳನ್ನು ಗದರಿಸಬೇಡಿ.

ಇನ್ನೊಂದು ಗೊಂದಲ ಮೊದಲೇ ಬಗೆಹರಿಸಿಬಿಡಿ. ಮೂರನ್ನು ಅರ್ಧ ಮಾಡು ಅಂದರೆ ಒಂದೂವರೆ. ಮೂರನ್ನು ಅರ್ಧದಿಂದ ಭಾಗಿಸು ಅಂದರೆ ಆರು. ಮೊದಲನೆಯದು 3 ÷ 2, ಎರಡನೆಯದು 3 ÷ 1/2. ಇದರಲ್ಲಿ ಮಕ್ಕಳು ಮಾತ್ರ ಎಡವೋದಲ್ಲ. ಲಿಪಿಂಗ್ ಮಾ ಅನ್ನೋ ಸಂಶೋಧಕಿ ಅಮೆರಿಕ ಮತ್ತು ಚೀನಾದ ಪ್ರಾಥಮಿಕ ಶಾಲೆ ಶಿಕ್ಷಕರಿಗೆ 1 ಮತ್ತು 3/4 ÷ 1/2 ಲೆಕ್ಕ ಕೊಟ್ಟು, ಅದನ್ನು ಮಾಡಿ, ಅದಕ್ಕೆ ತಕ್ಕ ಒಂದು ಕಥೆ ಕಟ್ಟಿ ಅಂದರು. ಈ ಅಧ್ಯಯನ 1999ರಲ್ಲಿ ಪ್ರಕಟವಾಯಿತು. 72 ಚೀನೀ ಶಿಕ್ಷಕರೂ ಲೆಕ್ಕವನ್ನು ಸರಿಯಾಗಿ ಮಾಡಿದರು. 23 ಅಮೆರಿಕನ್ ಶಿಕ್ಷಕರಲ್ಲಿ ಅರ್ಥಕ್ಕೆ ಹೊಂದುವ ಕಥೆ ಕಟ್ಟಿದ್ದು ಒಬ್ಬರೇ. ಬಹಳ ಜನ ಹೇಳಿದ್ದು ಇಬ್ಬರಿಗೆ ಹಂಚೋ ಕಥೆ. ಅಂದರೆ 1/2ರಿಂದ ಭಾಗಿಸೋ ಬದಲು 2ರಿಂದ ಭಾಗಿಸಿದ್ದರು. ಸೂತ್ರ ಬಾಯಿಗೆ ಬಂದ ಮಾತ್ರಕ್ಕೆ ಅರ್ಥ ಗೊತ್ತಿದೆ ಅಂತಲ್ಲ. ನಮ್ಮಲ್ಲಿ ಇಂಥ ಪರೀಕ್ಷೆ ಮಾಡಿದರೆ ಎಷ್ಟು ಜನ ಗೆಲ್ಲುತ್ತೇವೆ ಅನ್ನೋದು ನನಗೂ ಸ್ವಲ್ಪ ಭಯದ ವಿಷಯವೇ.

ಈಗ ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಭಾಗಿಸೋದಕ್ಕೆ ಬರೋಣ. ಛೇದ, ಅಂದರೆ ಕೆಳಗಿನ ಸಂಖ್ಯೆ, ಒಂದೇ ಇದ್ದರೆ ಕೆಲಸವೇ ಇಲ್ಲ. 6/7 ÷ 2/7 ತಗೊಳ್ಳಿ. ಏಳನೇ ಒಂದು ಭಾಗದ ತುಂಡುಗಳು ಆರು ಇವೆ. ಎರಡೆರಡು ತುಂಡು ಎತ್ತಿದರೆ ಎಷ್ಟು ಸಲ ಎತ್ತಬಹುದು? ಮೂರು ಸಲ. ಎರಡೂ ಕಡೆ ತುಂಡಿನ ಅಳತೆ ಒಂದೇ ಆದ್ದರಿಂದ ಛೇದ ಲೆಕ್ಕಕ್ಕೇ ಬರೋದಿಲ್ಲ. 6 ÷ 2 ಅಷ್ಟೇ. 5/7 ÷ 2/7 ಆದರೆ ಎರಡು ಸಲ ಎತ್ತಿ ಒಂದು ತುಂಡು ಉಳಿಯುತ್ತದೆ. ಒಂದು ಸಲ ಎತ್ತೋಕೆ ಎರಡು ತುಂಡು ಬೇಕು, ಇರೋದು ಒಂದು. ಅಂದರೆ ಅರ್ಧ ಸಲ. ಉತ್ತರ ಎರಡೂವರೆ. ನಿಮ್ಮ 7/20ರ ಸಮಸ್ಯೆಗೆ ಉತ್ತರ ಇಲ್ಲೇ ಇದೆ, ಆದರೆ ಸಂಖ್ಯೆ ಚಿಕ್ಕದಾದ್ದರಿಂದ ಕಣ್ತಪ್ಪಿ ಹೋಗುತ್ತದೆ.

ಛೇದ ಬೇರೆ ಬೇರೆ ಇದ್ದಾಗ ಎರಡಕ್ಕೂ ಸರಿಹೊಂದೋ ಒಂದು ಚಿಕ್ಕ ತುಂಡು ಹುಡುಕಬೇಕು. ನಿಮ್ಮ ಪುಣ್ಯಕ್ಕೆ ಅಂಥದ್ದೊಂದು ನಿಮ್ಮ ಪಹಣಿಯಲ್ಲೇ ಇದೆ. ಎಕರೆಗೆ 40 ಗುಂಟೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ಜಾಗ. ಮುಕ್ಕಾಲು ಎಕರೆ ಅಂದರೆ 30 ಗುಂಟೆ. 2/5 ಎಕರೆ ಅಂದರೆ 16 ಗುಂಟೆ. ಈಗ ಪ್ರಶ್ನೆಯನ್ನು ಹೀಗೆ ಕೇಳಿ: ನಿಮ್ಮ ಹತ್ತಿರ 30 ಗುಂಟೆ ಜಮೀನಿದೆ. 16 ಗುಂಟೆಯ ಒಂದೊಂದು ಹಿಪ್ಪುನೇರಳೆ ತಾಕು (ಜಮೀನಿನ ತುಂಡು) ಮಾಡಬೇಕು. ಎಷ್ಟು ತಾಕು ಆಗುತ್ತದೆ?

ಒಂದು ಪೂರ್ತಿ ತಾಕು ಆಗುತ್ತದೆ. 14 ಗುಂಟೆ ಉಳಿಯುತ್ತದೆ. ಆ 14 ಗುಂಟೆಯನ್ನು ಏನಂತ ಕರೆಯೋಣ? ಎಕರೆ ಲೆಕ್ಕದಲ್ಲಿ ಅದು 14/40, ಅಂದರೆ 7/20 ಎಕರೆ. ನಿಮಗೆ ಬಂದದ್ದು ಇದೇ. ಸರಿಯಾಗೇ ಬಂದಿದೆ. ಆದರೆ ನಾವು ಕೇಳಿದ್ದು ಎಷ್ಟು ಎಕರೆ ಉಳಿಯಿತು ಅಂತ ಅಲ್ಲ, ಎಷ್ಟು ತಾಕು ಆಯಿತು ಅಂತ. ತಾಕು ಅಂದರೆ 16 ಗುಂಟೆ. 14 ಗುಂಟೆ ಅಂದರೆ 16ರಲ್ಲಿ 14, ಅಂದರೆ ತಾಕಿನ 7/8. ಆದ್ದರಿಂದ ಉತ್ತರ 1 ಮತ್ತು 7/8 ತಾಕು. ನೀವು ಬರೆದ "1 ಮತ್ತು 7/20"ರಲ್ಲಿ 1 ಅನ್ನೋದು ತಾಕಿನ ಲೆಕ್ಕ, 7/20 ಅನ್ನೋದು ಎಕರೆಯ ಲೆಕ್ಕ. ಎರಡು ಬೇರೆ ಅಳತೆಗಳನ್ನು ಒಂದೇ ಸಾಲಿನಲ್ಲಿ ಕೂಡಿಸಿಬಿಟ್ಟಿದ್ದೀರಿ.

ಪೂರ್ಣ ಸಂಖ್ಯೆಯ ಭಾಗಾಕಾರದಲ್ಲಿ ನಾವು ಶೇಷವನ್ನು ಪಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ. 30 ÷ 16 ಮಾಡಿದರೆ ಭಾಗಲಬ್ಧ 1, ಶೇಷ 14, ಮುಗಿಯಿತು. ಆ 14 ಯಾವುದರ 14 ಅಂತ ಯಾರೂ ಕೇಳೋದಿಲ್ಲ. ಭಿನ್ನರಾಶಿಯಲ್ಲಿ ಶೇಷವನ್ನೂ ಉತ್ತರದ ಒಳಗೇ ಸೇರಿಸಬೇಕು. ಸೇರಿಸಬೇಕಾದರೆ ಅದನ್ನು ಭಾಜಕದಿಂದಲೇ ಅಳೆಯಬೇಕು. ಹಾಗಾಗಿ ಪ್ರತಿ ಸಲ ಉತ್ತರ ಬರೆಯುವಾಗ ಪಕ್ಕದಲ್ಲಿ "ತಾಕು" ಅಂತ ಬರೆಯೋ ಅಭ್ಯಾಸ ಮಾಡಿಸಿ. "1 ತಾಕು ಮತ್ತು 7/20 ಎಕರೆ" ಅಂತ ಬರೆದರೆ ಅದೂ ನಿಜವೇ. ಬರೀ ಸಂಖ್ಯೆ ಬರೆದಾಗ ಮಾತ್ರ ತಪ್ಪಾಗುತ್ತದೆ.

ಈಗ ಇದನ್ನೇ ಚೌಕದ ಗಣಿತ ಪುಸ್ತಕದಲ್ಲಿ ಬರೆಯೋಣ. ಅಡ್ಡಕ್ಕೆ 4 ಚೌಕ, ಉದ್ದಕ್ಕೆ 5 ಚೌಕ ಇರೋ ಒಂದು ಪೆಟ್ಟಿಗೆ ಹಾಕಿಸಿ. 4 ಯಾಕೆ, 5 ಯಾಕೆ ಅಂದರೆ ಛೇದಗಳು ಅವೇ. ಈ ಪೆಟ್ಟಿಗೆ ಒಂದು ಎಕರೆ. ಒಳಗೆ 20 ಚೌಕ ಇವೆ, ಅಂದರೆ ಒಂದೊಂದು ಚೌಕ ಎರಡು ಗುಂಟೆ. ಪಕ್ಕದಲ್ಲಿ ಅದೇ ಅಳತೆಯ ಇನ್ನೊಂದು ಪೆಟ್ಟಿಗೆ ಹಾಕಿಸಿ. ಮೊದಲನೆಯದರಲ್ಲಿ ನಾಲ್ಕು ಕಂಬಗಳಲ್ಲಿ ಮೂರಕ್ಕೆ ಬಣ್ಣ ಹಚ್ಚಿ. ಅದು 3/4.

■■■□
■■■□
■■■□
■■■□
■■■□

ಎರಡನೆಯದರಲ್ಲಿ ಐದು ಸಾಲುಗಳಲ್ಲಿ ಎರಡಕ್ಕೆ ಬಣ್ಣ ಹಚ್ಚಿ. ಅದು 2/5.

■■■■
■■■■
□□□□
□□□□
□□□□

ಮೊದಲನೆಯದರಲ್ಲಿ 15 ಚೌಕಕ್ಕೆ ಬಣ್ಣ ಬಿದ್ದಿದೆ, ಎರಡನೆಯದರಲ್ಲಿ 8ಕ್ಕೆ. ಮೊದಲ ಪೆಟ್ಟಿಗೆಯ ಬಣ್ಣದ ಚೌಕಗಳಿಗೆ 1ರಿಂದ 15ರವರೆಗೆ ನಂಬರ್ ಹಾಕಲಿ. 1ರಿಂದ 8ರವರೆಗೆ ಪೆನ್ಸಿಲಿನಿಂದ ಸುತ್ತು ಹಾಕಲಿ. ಒಂದು ತಾಕು ಮುಗಿಯಿತು. ಉಳಿದದ್ದು 9ರಿಂದ 15, ಏಳು ಚೌಕ. ಇನ್ನೊಂದು ತಾಕು ಆಗೋದಕ್ಕೆ ಒಂದೇ ಒಂದು ಚೌಕ ಕಮ್ಮಿ. ಎಂಟರಲ್ಲಿ ಏಳು, 7/8. ಇದು ಕಣ್ಣಿಗೇ ಕಾಣುತ್ತದೆ. "ಹೆಚ್ಚು ಕಮ್ಮಿ ಎರಡು ತಾಕು, ಒಂದು ಚೌಕ ಸಾಲಲಿಲ್ಲ" ಅಂತ ಮಗಳು ಹೇಳಿದರೆ ಅವಳಿಗೆ ಅರ್ಥ ಆಗಿದೆ ಅಂತಲೇ. 1 ಮತ್ತು 7/20 ಅನ್ನೋ ಉತ್ತರ ಒಂದೂವರೆಗಿಂತ ಕಮ್ಮಿ. ಚಿತ್ರ ನೋಡಿದವರು ಅದನ್ನು ಒಪ್ಪೋದೇ ಇಲ್ಲ.

ಬಣ್ಣದ ಆಕಾರಗಳು ಒಂದರ ಮೇಲೊಂದು ಕೂರೋದಿಲ್ಲ ಅಂತ ಅವಳು ತಕರಾರು ಮಾಡಬಹುದು. ಒಂದು ಮೂರು ಕಂಬ, ಇನ್ನೊಂದು ಎರಡು ಸಾಲು. ಸರಿಯಾದ ತಕರಾರೇ. ಕತ್ತರಿ ಕೊಟ್ಟು ಚೌಕಗಳನ್ನು ಬಿಡಿಸಿ ಜೋಡಿಸಲು ಹೇಳಿ. ಜಮೀನಿನ ವಿಸ್ತೀರ್ಣಕ್ಕೆ ಆಕಾರ ಮುಖ್ಯ ಅಲ್ಲ ಅನ್ನೋದು ಹಳ್ಳಿ ಮಕ್ಕಳಿಗೆ ಹೇಳಿಕೊಡಬೇಕಾದ ವಿಷಯ ಅಲ್ಲ. ಉದ್ದ ಪಟ್ಟಿಯಾಗಿ ಇದ್ದರೂ ಚೌಕವಾಗಿ ಇದ್ದರೂ 16 ಗುಂಟೆ 16 ಗುಂಟೆಯೇ.

ಎರಡು ಪೆಟ್ಟಿಗೆ ಯಾಕೆ, ಒಂದರಲ್ಲೇ ಎರಡೂ ಬಣ್ಣ ಹಚ್ಚಬಾರದಾ? ಹಚ್ಚಬಾರದು. ಈ ಚಿತ್ರ ಬರೆಯೋ ಬಹಳ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದೇ ಪೆಟ್ಟಿಗೆಯಲ್ಲಿ ಮೂರು ಕಂಬಕ್ಕೂ ಎರಡು ಸಾಲಿಗೂ ಬಣ್ಣ ಹಚ್ಚಿದರೆ ಎರಡು ಬಣ್ಣ ಸೇರೋ ಜಾಗದಲ್ಲಿ 6 ಚೌಕ ಬರುತ್ತವೆ. 6/20 ಅನ್ನೋದು 3/4 × 2/5ರ ಉತ್ತರ. ಗುಣಾಕಾರಕ್ಕೆ ಬರೆಯೋ ಚಿತ್ರ ಅದು. ಆ ಪಾಠ ಕಲಿತ ಮಗುವಿನ ಕೈ ತಾನಾಗೇ ಆ ಕಡೆ ಹೋಗುತ್ತದೆ. ಗುಣಾಕಾರದಲ್ಲಿ ನಾವು ಒಂದರ ಒಳಗೆ ಇನ್ನೊಂದರ ಪಾಲು ತೆಗೆಯುತ್ತೇವೆ. ಭಾಗಾಕಾರದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸುತ್ತೇವೆ. ಅದಕ್ಕೇ ಎರಡು ಪೆಟ್ಟಿಗೆ, ಅವೂ ಒಂದೇ ಅಳತೆಯವು.

ಈಗ ಆ 15 ಮತ್ತು 8 ಎಲ್ಲಿಂದ ಬಂದವು ಅಂತ ನೋಡಿ. 15 ಅಂದರೆ ಮೂರು ಕಂಬ, ಒಂದೊಂದರಲ್ಲೂ 5 ಚೌಕ: 3 × 5. ಆ 5 ಎರಡನೇ ಭಿನ್ನರಾಶಿಯ ಛೇದ. 8 ಅಂದರೆ ಎರಡು ಸಾಲು, ಒಂದೊಂದರಲ್ಲೂ 4 ಚೌಕ: 2 × 4. ಆ 4 ಮೊದಲನೇ ಭಿನ್ನರಾಶಿಯ ಛೇದ. ಉತ್ತರ 15/8, ಅಂದರೆ ಮೇಲೆ 3 × 5, ಕೆಳಗೆ 4 × 2. ಇದನ್ನೇ 3/4 × 5/2 ಅಂತ ಬರೆದರೆ? ನಿಮ್ಮ ತಲೆಕೆಳಗಿನ ಸೂತ್ರ! ಇಲ್ಲಿ ಯಾರೂ ಯಾವುದನ್ನೂ ತಲೆಕೆಳಗು ಮಾಡಲಿಲ್ಲ. ಎರಡು ಪೆಟ್ಟಿಗೆಯ ಚೌಕ ಎಣಿಸಿದೆವು ಅಷ್ಟೇ. ಎಣಿಸೋ ಕೆಲಸವನ್ನು ಚುಟುಕಾಗಿ ಬರೆದಾಗ 5 ಮೇಲೆ ಹೋಯಿತು, 2 ಕೆಳಗೆ ಬಂತು.

ಸೂತ್ರ ಹಳೆಯದು. 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತ ಇದನ್ನು ಬರೆದಿದ್ದಾನೆ. ಮೇಲೆ ಹೇಳಿದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲೂ ಇದೆ: ಭಾಜಕದ ಛೇದವನ್ನು ಅಂಶ ಮಾಡಿ, ಅಂಶವನ್ನು ಛೇದ ಮಾಡಿ, ಆಮೇಲೆ ಗುಣಾಕಾರದ ಹಾಗೇ ಮಾಡು ಅಂತ. ಸೊನ್ನೆಯಲ್ಲಿ ಎಡವಿದರೂ ಇದರಲ್ಲಿ ಅವರು ಎಡವಲಿಲ್ಲ.

ಇಷ್ಟು ಸಾಕು ಅನ್ನಿಸಿದರೆ ಇಲ್ಲೇ ನಿಲ್ಲಿಸಬಹುದು. ಆದರೆ "ಅದೆಲ್ಲ ಸರಿ, ಭಾಗಿಸೋದು ಗುಣಿಸೋದಾಗಿ ಹೇಗೆ ಬದಲಾಯಿತು?" ಅಂತ ಅವಳು ಮತ್ತೆ ಕೇಳಿದರೆ ಎರಡು ದಾರಿ ಇವೆ. ನನಗೆ ಎರಡನೆಯದು ಹೆಚ್ಚು ಇಷ್ಟ.

ಮೊದಲನೇ ದಾರಿ ಹೀಗಿದೆ. ಮುಕ್ಕಾಲು ಎಕರೆಯನ್ನು ಸದ್ಯಕ್ಕೆ ಮರೆತುಬಿಡಿ. ಪೂರ್ತಿ ಒಂದು ಎಕರೆಯಲ್ಲಿ 16 ಗುಂಟೆಯ ತಾಕು ಎಷ್ಟು ಆಗುತ್ತದೆ? 16 ಎರಡಲ 32, ಉಳಿದದ್ದು 8, ಅಂದರೆ ಅರ್ಧ ತಾಕು. ಒಟ್ಟು ಎರಡೂವರೆ. ಎರಡೂವರೆ ಅಂದರೆ 5/2. ಪಾಠದಲ್ಲಿ ವ್ಯುತ್ಕ್ರಮ ಅಂತ ಕರೆಯೋದು ಇದನ್ನೇ. 2/5ರ ವ್ಯುತ್ಕ್ರಮ 5/2 ಅನ್ನೋದು ಬರೀ ಮೇಲೆ ಕೆಳಗೆ ಮಾಡೋ ಆಟ ಅಲ್ಲ. ಒಂದು ಪೂರ್ತಿಯಲ್ಲಿ 2/5 ಎಷ್ಟು ಸಲ ಸಿಗುತ್ತದೆ ಅನ್ನೋ ಪ್ರಶ್ನೆಯ ಉತ್ತರ ಅದು. ಈಗ ಒಂದು ಎಕರೆಗೆ 5/2 ತಾಕು ಆದರೆ ಎರಡು ಎಕರೆಗೆ ಅದರ ಎರಡರಷ್ಟು, ಹತ್ತು ಎಕರೆಗೆ ಹತ್ತರಷ್ಟು, ಮುಕ್ಕಾಲು ಎಕರೆಗೆ ಅದರ ಮುಕ್ಕಾಲು. 3/4 × 5/2. ಗುಣಾಕಾರ ಬಂದದ್ದು ಹೀಗೆ.

ಎರಡನೇ ದಾರಿಗೆ ನಾವು ಆರಂಭದಲ್ಲಿ ಬಿಟ್ಟುಬಂದ ಅರ್ಥಕ್ಕೆ ವಾಪಸ್ ಹೋಗಬೇಕು. "ಒಬ್ಬರಿಗೆ ಎಷ್ಟು" ಅನ್ನೋದು. ಅರ್ಧ ಮನುಷ್ಯನಿಗೆ ಹಂಚೋಕೆ ಆಗೋದಿಲ್ಲ ಅಂದೆವು. ಮನುಷ್ಯರನ್ನು ಬಿಟ್ಟು ಎಕರೆ ಇಟ್ಟರೆ ಆಗುತ್ತದೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರೇ ಗತಿ, ಕರೆಂಟ್ ಇರೋ ಹೊತ್ತಲ್ಲೇ ಮೋಟರ್ ಹಾಕಬೇಕು. ಹಾಗಾಗಿ ಈ ಲೆಕ್ಕ ನಿಮ್ಮ ಮನೆಯಲ್ಲಿ ಬಾಯಲ್ಲೇ ನಡೆಯುತ್ತಿರಬಹುದು. 2/5 ಎಕರೆ ಹಿಪ್ಪುನೇರಳೆಗೆ ಡ್ರಿಪ್‌ನಲ್ಲಿ ನೀರು ಬಿಡೋಕೆ ಮುಕ್ಕಾಲು ಗಂಟೆ ಮೋಟರ್ ಓಡಿತು ಅಂತಿಟ್ಟುಕೊಳ್ಳಿ. ಅದೇ ಲೆಕ್ಕದಲ್ಲಿ ಒಂದು ಎಕರೆಗೆ ಎಷ್ಟು ಹೊತ್ತು ಬೇಕು? ಇದೂ 3/4 ÷ 2/5. ಎಂಟು ಎಕರೆಗೆ ನಾಲ್ಕು ಗಂಟೆ ಆದರೆ ಒಂದು ಎಕರೆಗೆ 4 ÷ 8 ಮಾಡುತ್ತೇವಲ್ವಾ, ಹಾಗೇ.

ಚಿತ್ರಕ್ಕೆ ಉದ್ದವಾದ ಒಂದು ಪಟ್ಟಿ ಬರೆಸಿ. ಅದು ಒಂದು ಎಕರೆ. ಐದು ಸಮ ಭಾಗ ಮಾಡಿಸಿ. ಎಡಗಡೆಯ ಎರಡು ಭಾಗಕ್ಕೆ ಬಣ್ಣ ಹಚ್ಚಿಸಿ, ಅದರ ಕೆಳಗೆ "45 ನಿಮಿಷ" ಅಂತ ಬರೆಸಿ. ಈಗ ಒಂದು ಭಾಗಕ್ಕೆ ಎಷ್ಟು? 45ರಲ್ಲಿ ಅರ್ಧ, ಇಪ್ಪತ್ತೆರಡೂವರೆ ನಿಮಿಷ. ಐದೂ ಭಾಗದ ಕೆಳಗೆ ಇಪ್ಪತ್ತೆರಡೂವರೆ ಅಂತ ಬರೆಸಿ ಕೂಡಿಸಲಿ. 112 ನಿಮಿಷ 30 ಸೆಕೆಂಡ್, ಅಂದರೆ ಒಂದು ಗಂಟೆ ಐವತ್ತೆರಡೂವರೆ ನಿಮಿಷ. ಐವತ್ತೆರಡೂವರೆ ಅಂದರೆ ಗಂಟೆಯ 7/8. ಮತ್ತೆ ಅದೇ 1 ಮತ್ತು 7/8.

ಇದರಲ್ಲಿ ಅವಳು ಮಾಡಿದ ಕೆಲಸ ಎರಡು. ಮೊದಲು 2ರಿಂದ ಭಾಗಿಸಿದಳು, ಆಮೇಲೆ 5ರಿಂದ ಗುಣಿಸಿದಳು. 2/5ರಲ್ಲಿ 2 ಇತ್ತು, ಅದಕ್ಕೇ ಭಾಗಿಸಿ ಒಂದು ತುಂಡಿಗೆ ಇಳಿದಳು. ಪೂರ್ತಿಗೆ 5 ತುಂಡು ಬೇಕಿತ್ತು, ಅದಕ್ಕೇ ಗುಣಿಸಿ ಮೇಲೆ ಬಂದಳು. 2ರಿಂದ ಭಾಗಿಸಿ 5ರಿಂದ ಗುಣಿಸೋದನ್ನು ಒಟ್ಟಿಗೆ ಬರೆದರೆ × 5/2. ನನಗೆ ಈ ದಾರಿ ಇಷ್ಟ ಆಗೋದು ಯಾಕೆಂದರೆ ಇಲ್ಲಿ ಪ್ರತಿ ಹೆಜ್ಜೆಗೂ ಒಂದು ಕಾರಣ ಇದೆ, ಮತ್ತು ಶೇಷದ ತಲೆನೋವು ಇಲ್ಲವೇ ಇಲ್ಲ. ಉಳಿದ ತುಂಡನ್ನು ಯಾವುದರಿಂದ ಅಳೆಯಬೇಕು ಅನ್ನೋ ಪ್ರಶ್ನೆ ಏಳೋದಿಲ್ಲ. ನಮ್ಮ ತರಗತಿಗಳಲ್ಲಿ ಈ ಚಿತ್ರ ಕಾಣಿಸೋದು ಕಮ್ಮಿ, ಹಂಚೋ ಕಥೆ ಮತ್ತು ಸೂತ್ರದ ನಡುವೆ ಇದು ಕಳೆದುಹೋಗುತ್ತದೆ. ಆದರೂ ಮೊದಲು ತಾಕಿನ ಚಿತ್ರವನ್ನೇ ತೋರಿಸಿ. "ಎಷ್ಟು ಸಲ" ಅನ್ನೋದು ಗಟ್ಟಿಯಾಗದೆ "ಒಂದಕ್ಕೆ ಎಷ್ಟು" ಹೇಳಿದರೆ ಮಕ್ಕಳು ಎರಡನ್ನೂ ಕಲಸಿಕೊಳ್ಳುತ್ತಾರೆ.

ಮನೆಯಲ್ಲಿ ಲೆಕ್ಕ ಕಟ್ಟುವಾಗ ಒಂದು ಎಚ್ಚರ. ಎಕರೆ-ಗುಂಟೆ ಎಲ್ಲದಕ್ಕೂ ಒಗ್ಗೋದಿಲ್ಲ. ಅರ್ಧ, ಕಾಲು, ಐದನೇ ಒಂದು, ಎಂಟನೇ ಒಂದು, ಹತ್ತನೇ ಒಂದು, ಇವಕ್ಕೆಲ್ಲ 40 ಚೆನ್ನಾಗಿ ಒಡೆಯುತ್ತದೆ. ಮೂರನೇ ಒಂದು ಭಾಗಕ್ಕೆ ಬಂದರೆ ಮುಗಿಯಿತು, 13 ಗುಂಟೆ ಆಗಿ ಇನ್ನೂ ಗುಂಟೆಯ ಮೂರನೇ ಒಂದು ಉಳಿಯುತ್ತದೆ. ಗುಂಟೆಗೆ 16 ಆಣೆ ಅಂತ ಇಳಿದರೂ 5 ಆಣೆ ಮತ್ತು ಮತ್ತೆ ಮೂರನೇ ಒಂದು! ಮೂರು ಜನ ಅಣ್ಣತಮ್ಮಂದಿರು ಭಾಗ ಮಾಡಿಕೊಂಡ ಮನೆಯವರಿಗೆ ಈ ಕಷ್ಟ ಗೊತ್ತು. 1/3, 1/6, 1/12 ಬಂದರೆ ಗಂಟೆ-ನಿಮಿಷ ಹಿಡಿಯಿರಿ, 60 ಅವಕ್ಕೆಲ್ಲ ಒಡೆಯುತ್ತದೆ. ಏಳನೇ ಭಾಗಕ್ಕೆ ಎರಡೂ ಆಗೋದಿಲ್ಲ. ಆಗ ಚೌಕದ ಪುಸ್ತಕವೇ ಸರಿ, ಯಾವ ಛೇದ ಬಂದರೂ ಅಷ್ಟು ಚೌಕದ ಪೆಟ್ಟಿಗೆ ಹಾಕಬಹುದು.

ಇನ್ನು ಎಷ್ಟು ಲೆಕ್ಕಕ್ಕೆ ಚಿತ್ರ ಬರೆಸಬೇಕು? ಬಹಳ ಬೇಡ. 17/23 ÷ 5/19ಕ್ಕೆ ಚೌಕ ಎಣಿಸೋದು ಶಿಕ್ಷೆ. ನಾಲ್ಕೈದು ಲೆಕ್ಕ ಚಿತ್ರದಲ್ಲಿ ಮಾಡಿ, ಅದೇ ಲೆಕ್ಕಗಳನ್ನು ಸೂತ್ರದಲ್ಲಿ ಮಾಡಿ, ಎರಡೂ ಒಂದೇ ಅಂತ ನೋಡಿಕೊಂಡರೆ ಆಯಿತು. ಆಮೇಲೆ ಸೂತ್ರವನ್ನೇ ಬಳಸಲಿ. ಪರೀಕ್ಷೆಯಲ್ಲೂ ಹಾಗೇ ಬರೆಯಲಿ. ಕೆಲವರು ಸೂತ್ರ ಅಂದರೆ ಬರೀ ಬಾಯಿಪಾಠ, ಅದನ್ನು ಬಿಟ್ಟೇ ಬಿಡಬೇಕು ಅಂತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಸೂತ್ರ ಕೆಲಸ ಉಳಿಸುತ್ತದೆ. ಮರೆತಾಗ ಅಥವಾ ಯಾವುದನ್ನು ತಲೆಕೆಳಗು ಮಾಡಬೇಕು ಅಂತ ಗಲಿಬಿಲಿ ಆದಾಗ ಅದನ್ನು ಮತ್ತೆ ಕಟ್ಟಿಕೊಳ್ಳೋಕೆ ಚಿತ್ರ ಗೊತ್ತಿರಬೇಕು. ಮೊದಲನೇ ಭಿನ್ನರಾಶಿಯನ್ನು ತಲೆಕೆಳಗು ಮಾಡೋ ತಪ್ಪು ಮಕ್ಕಳಲ್ಲಿ ಸಾಮಾನ್ಯ. ಲೆಕ್ಕ ಮಾಡೋ ಮುಂಚೆ "ಉತ್ತರ ಒಂದಕ್ಕಿಂತ ಜಾಸ್ತಿಯಾ, ಕಮ್ಮಿಯಾ?" ಅಂತ ಒಂದು ಮಾತು ಕೇಳಿದರೆ ಆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಮೊದಲನೇ ಸಂಖ್ಯೆಗಿಂತ ಭಾಜಕ ಚಿಕ್ಕದಾದರೆ ಉತ್ತರ ಒಂದಕ್ಕಿಂತ ಜಾಸ್ತಿ, ಭಾಜಕ ದೊಡ್ಡದಾದರೆ ಒಂದಕ್ಕಿಂತ ಕಮ್ಮಿ.

ಕೊನೆಯ ಮಾತಿಗೆ ತಕ್ಕ ಒಂದು ಲೆಕ್ಕವನ್ನು ಅವಳಿಗೆ ಕೊಡಿ: 1/2 ÷ 3/4. ಇರೋ ಜಮೀನು 20 ಗುಂಟೆ, ಒಂದು ತಾಕಿಗೆ ಬೇಕಾದದ್ದು 30 ಗುಂಟೆ. ಒಂದು ತಾಕೂ ಪೂರ್ತಿ ಆಗೋದಿಲ್ಲ, ಮೂರರಲ್ಲಿ ಎರಡು ಭಾಗ ಆಗುತ್ತದೆ, 2/3. ಪೆಟ್ಟಿಗೆಯಲ್ಲಾದರೆ ಅಡ್ಡಕ್ಕೆ 2, ಉದ್ದಕ್ಕೆ 4, ಒಟ್ಟು 8 ಚೌಕ. ಒಂದರಲ್ಲಿ 4ಕ್ಕೆ ಬಣ್ಣ, ಇನ್ನೊಂದರಲ್ಲಿ 6ಕ್ಕೆ. ಉತ್ತರ 4/6. ಗುಂಟೆ ಲೆಕ್ಕವನ್ನು ಮೊದಲೇ ಹೇಳಬೇಡಿ, ಪೆಟ್ಟಿಗೆಯಲ್ಲೇ ಮಾಡಲಿ. ಅವಳಿಗೆ ಒಂದೂವರೆ ಅಂತ ಉತ್ತರ ಬಂದರೆ ಯಾವುದನ್ನು ಯಾವುದರಿಂದ ಅಳೆದಳು ಅಂತ ಕೇಳಿ. 1/4 ಉಳಿಯಿತು ಅಥವಾ ಸಾಲಲಿಲ್ಲ ಅಂತ ಏನಾದರೂ ಹೇಳಿದರೆ ಅದು ಯಾವುದರ 1/4 ಅಂತ ಕೇಳಿ. ಲೆಕ್ಕ ಸರಿಯಾದ ಮೇಲೆ 2/3 × 3/4 ಮಾಡಿಸಿ ನೋಡಿ, 1/2 ವಾಪಸ್ ಬರಬೇಕು.